ಎತ್ತು ಯಾರ ಪಾಲಿಗೆ? ಆಟದ ಲೋಕಗಳಲ್ಲಿ ಹೆಣ್ಣಿನ ಬದುಕು

ಪುಣೆಯ ಕೊಥ್ರುಡ್‌ನಲ್ಲಿ ಗೆಳೆಯನೊಬ್ಬನ ಫ್ಲ್ಯಾಟಿದೆ. ತಿಂಗಳಿಗೆ ಎರಡು ಭಾನುವಾರ ನಾವು ಆರು ಜನ ಅಲ್ಲಿ ಸೇರುತ್ತೇವೆ. ಎಲ್ಲರೂ ಕನ್ನಡದವರು. ನಾಲ್ವರು ಹಿಂಜವಡಿಯಲ್ಲಿ ಐಟಿ ಕೆಲಸ ಮಾಡುತ್ತಾರೆ. ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇನ್ನೊಬ್ಬ ಮುಂಬೈ ಪಕ್ಕದ ಠಾಣೆಯಿಂದ ಬೆಳಗಿನ ರೈಲು ಹಿಡಿದು ಬರುತ್ತಾನೆ. ಚುರುಮುರಿ, ಚಹಾ, ಒಂದು ಡಬ್ಬಿ ತುಂಬ ದಾಳ. ನಾವು ಆಡುವುದು ಕಥೆ ಕಟ್ಟುವ ಆಟ.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಊರು, ರಾಜ, ಕಾಡು, ಭೂತ, ಕಾನೂನು, ಎಲ್ಲ ಅವರ ಕೈಲಿ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ನಾನು ಬಾಗಿಲು ಒಡೆಯುತ್ತೇನೆ ಅಂದರೆ ದಾಳ ಹಾಕಬೇಕು. ಬಾಗಿಲು ಒಡೆಯಿತೋ ಕೈ ಮುರಿಯಿತೋ, ದಾಳ ಹೇಳುತ್ತದೆ.

ಕಳೆದ ಮಳೆಗಾಲದಲ್ಲಿ ಗದಗಿನ ಗೆಳೆಯ ಹೊಸ ರಾಜ್ಯವೊಂದನ್ನು ಕಟ್ಟಿಕೊಂಡು ಬಂದ. ಘಟ್ಟದ ಮೇಲೆ ಕೋಟೆ, ಕೆಳಗೆ ಕಡಲು ಮತ್ತು ಬಂದರು. ಮೆಣಸು, ಬಟ್ಟೆ ಹೇರಿಕೊಂಡ ಎತ್ತುಗಳ ಸಾಲು ಘಟ್ಟ ಇಳಿಯಬೇಕು. ದಾರಿಯ ಗವಿಯಲ್ಲಿ ಬೆಂಕಿ ಉಗುಳುವ ಸರ್ಪ. ವಿಜಯಪುರದ ಗೆಳತಿ ತನ್ನ ಪಾತ್ರ ಹೇಳಿದಳು: ಗಂಡ ಸತ್ತ ವ್ಯಾಪಾರಿ ಹೆಂಗಸು, ಮೂವತ್ತು ಎತ್ತುಗಳ ಒಡತಿ, ಸರಕಿನ ಜೊತೆ ತಾನೇ ಘಟ್ಟ ಇಳಿಯುವವಳು.

"ಅದು ಆಗಂಗಿಲ್ಲ," ಅಂದ ಗದಗಿನ ಗೆಳೆಯ. "ಈ ರಾಜ್ಯದಾಗ ಹೆಣ್ಮಕ್ಕಳು ವ್ಯಾಪಾರ ಮಾಡೂದಿಲ್ಲ. ಗಂಡಸು ಜೊತಿಗಿಲ್ಲದ ಕೋಟಿ ದಾಟೂದಿಲ್ಲ. ಹಳೇ ಕಾಲ ನೋಡು, ಖರೇ ಅನಸಬೇಕಲಾ."

ಅವಳು ವಾದಕ್ಕೆ ನಿಲ್ಲಲಿಲ್ಲ. ಒಂದೇ ಮಾತು ಕೇಳಿದಳು. "ಆತು. ಹಂಗಾರ ಗಂಡ ಸತ್ತಮ್ಯಾಲೆ ಆ ಮೂವತ್ತ ಎತ್ತು ಯಾರ ಪಾಲಿಗೆ ಹೋದ್ವು?"

ಅವನು ತನ್ನ ನೋಟ್‌ಬುಕ್ ತಿರುವಿದ. ಅದರಲ್ಲಿ ನಕ್ಷೆ ಇತ್ತು. ಮೂರು ರಾಜಮನೆತನಗಳ ವಂಶಾವಳಿ ಇತ್ತು. ಸರ್ಪ ಎಷ್ಟು ದಿನಕ್ಕೊಮ್ಮೆ ಉಣ್ಣುತ್ತದೆ ಅನ್ನುವುದೂ ಇತ್ತು. ಎತ್ತಿನ ಮಾತು ಇರಲಿಲ್ಲ. "ಅದನ್ನ ನಾ ವಿಚಾರ ಮಾಡಿಲ್ಲ," ಅಂದ, ಪ್ರಾಮಾಣಿಕವಾಗಿಯೇ.

ಅವಳ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಫ್ಯಾಂಟಸಿ ಆಟಗಳಲ್ಲಿ ಹೆಣ್ಣಿನ ಜಾಗ ಎಲ್ಲಿ ಅನ್ನುವ ಜಗಳ ಈಗ ಜಗತ್ತಿನ ಎಲ್ಲ ಕಡೆ ನಡೆಯುತ್ತಿದೆ. ಒಂದು ಕಡೆಯವರು "ಹಳೇ ಕಾಲ ಹಾಗೇ ಇತ್ತು, ಇದ್ದ ಹಾಗೆ ತೋರಿಸಿ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಸರ್ಪ ಇರುವ ಲೋಕದಲ್ಲಿ ಸಮಾನತೆ ಇರಬಾರದಾ" ಅನ್ನುತ್ತಾರೆ. ನನಗೆ ಎರಡನೆಯವರ ಮೇಲೆ ಪ್ರೀತಿ ಜಾಸ್ತಿ. ಆದರೆ ಮೊದಲನೆಯವರಿಗೆ ಅವರದೇ ನೆಲದ ಮೇಲೆ ನಿಂತು ಉತ್ತರ ಹೇಳಬಹುದು ಅನ್ನಿಸುತ್ತದೆ. ಪುರುಷಪ್ರಧಾನ ಲೋಕ ಕಟ್ಟಬೇಕಾ? ಕಟ್ಟಿ. ಆದರೆ ಪೂರ್ತಿ ಕಟ್ಟಿ. ಹೊಲ ಯಾರದು, ಎತ್ತು ಯಾರದು, ಹುಟ್ಟಿದ ಮಗು ಯಾರ ಮನೆಗೆ ಸೇರಿದ್ದು, ಬೀಗದ ಕೈ ಯಾರ ಸೊಂಟದಲ್ಲಿದೆ, ಇದನ್ನೆಲ್ಲ ಹೇಳಿ. ಹೆಂಗಸರು ಇದನ್ನು ಮಾಡುವ ಹಾಗಿಲ್ಲ, ಅದನ್ನು ಮಾಡುವ ಹಾಗಿಲ್ಲ ಅಂತ ನಾಲ್ಕು ಸಾಲು ಬರೆದರೆ ಅದು ಸಮಾಜ ಆಗುವುದಿಲ್ಲ, ಬರೀ ಬೋರ್ಡು ಆಗುತ್ತದೆ.

ಈ ಆಟಗಳ ಹುಟ್ಟಿನಿಂದಲೇ ಇಂಥ ಬೋರ್ಡುಗಳಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಬಂತು. ಕಟ್ಟಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಎರಡು ವರ್ಷದಲ್ಲಿ, 1976ರಲ್ಲಿ, ಆ ಆಟದ ಪತ್ರಿಕೆಯಲ್ಲಿ ಹೆಣ್ಣು ಪಾತ್ರಗಳಿಗೆ ಬೇರೆ ನಿಯಮ ಸೂಚಿಸುವ ಲೇಖನ ಬಂತು. ಗಂಡು ಪಾತ್ರಗಳಿಗೆ ಜನರನ್ನು ಸೆಳೆಯುವ, ಮುಂದಾಳಾಗುವ ಗುಣಕ್ಕೆ ಒಂದು ಅಂಕ ಇರುತ್ತಿತ್ತು. ಆ ಲೇಖನದಲ್ಲಿ ಹೆಣ್ಣು ಪಾತ್ರಗಳಿಗೆ ಆ ಜಾಗದಲ್ಲಿ 'ಸೌಂದರ್ಯ' ಬಂತು. 1978ರ ನಿಯಮ ಪುಸ್ತಕ ಇನ್ನೊಂದು ಹೆಜ್ಜೆ ಹೋಯಿತು. ಶಕ್ತಿಯ ಅಂಕ 18ರವರೆಗೆ. 18 ಬಿದ್ದ ಯೋಧ ಮತ್ತೆ ದಾಳ ಹಾಕಿ 1ರಿಂದ 100ರವರೆಗೆ ಇನ್ನೊಂದು ಅಂಕ ಪಡೆಯುತ್ತಾನೆ. ಮನುಷ್ಯ ಗಂಡಸಿಗೆ 100ರ ತನಕ ದಾರಿ ತೆರೆದಿತ್ತು. ಮನುಷ್ಯ ಹೆಂಗಸಿಗೆ 50ಕ್ಕೆ ನಿಲ್ಲಬೇಕಿತ್ತು.

ಗಂಡಸರ ಮೈಯಲ್ಲಿ ಸರಾಸರಿ ಶಕ್ತಿ ಜಾಸ್ತಿ ಅಲ್ವಾ ಅಂತ ಯಾರಾದರೂ ಕೇಳುತ್ತಾರೆ. ನಿಜ. ಆದರೆ ಆ ನಿಯಮ ಸರಾಸರಿಯನ್ನು ಮುಟ್ಟಲೇ ಇಲ್ಲ, ಗಮನಿಸಿ. ಸಾಧಾರಣ ಗಂಡು, ಸಾಧಾರಣ ಹೆಣ್ಣು ಒಂದೇ ದಾಳ ಹಾಕುತ್ತಿದ್ದರು. ನಿಯಮ ತಡೆದದ್ದು ತುತ್ತತುದಿಗೆ ಏರಿದವಳನ್ನು ಮಾತ್ರ. ಈ ಆಟ ಇರುವುದೇ ತುತ್ತತುದಿಗೆ ಏರುವವರ ಕಥೆ ಹೇಳಲು. ಆ ಕಥೆಯಲ್ಲಿ ಒಬ್ಬಳಿಗೆ ಇಷ್ಟೇ ಎತ್ತರ ಅಂತ ಮೊದಲೇ ಗೆರೆ ಎಳೆದಿಟ್ಟರು. 1989ರ ಎರಡನೇ ಆವೃತ್ತಿಯಲ್ಲಿ ಆ ನಿಯಮ ಹೋಯಿತು. ಹೋದದ್ದರಿಂದ ಆಟಕ್ಕೆ ಏನೂ ನಷ್ಟವಾಗಲಿಲ್ಲ.

ಕಂಪ್ಯೂಟರ್ ಆಟಗಳಿಗೆ ಬಂದರೆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ 'ದಿ ವಿಚರ್' 2007ರಲ್ಲಿ ಬಂದಾಗ ನಾಯಕ ಯಾವ ಹೆಂಗಸಿನ ಜೊತೆ ಮಲಗಿದರೂ ಆಡುವವನಿಗೆ ಅವಳ ಚಿತ್ರದ ಕಾರ್ಡ್ ಸಿಗುತ್ತಿತ್ತು. ಕ್ರಿಕೆಟ್ ಆಟಗಾರರ ಕಾರ್ಡ್ ಕೂಡಿಸಿದ ಹಾಗೆ ಕೂಡಿಸಬೇಕು. 2015ರಲ್ಲಿ ಬಂದ ಮೂರನೇ ಆಟದಲ್ಲಿ ಅದೇ ಸಂಸ್ಥೆ, ಕುಡಿದು ಹೆಂಡತಿಯನ್ನು ಹೊಡೆಯುವ ಒಬ್ಬ ಪಾಳೇಗಾರನ ಕಥೆ ಹೇಳಿತು. ಮನೆ ಬಿಟ್ಟು ಓಡಿದ ಹೆಂಡತಿ, ಮಗಳನ್ನು ಹುಡುಕುವ ಕೆಲಸ ನಮ್ಮದು. ಹುಡುಕುತ್ತ ಹೋದ ಹಾಗೆ ಅವರು ಯಾಕೆ ಓಡಿದರು ಅನ್ನುವುದು ಗೊತ್ತಾಗುತ್ತದೆ. ಅದನ್ನು ಆಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2024ರ ಡಿಸೆಂಬರಿನಲ್ಲಿ ನಾಲ್ಕನೇ ಆಟದ ಮೊದಲ ಟ್ರೇಲರ್ ಬಂತು. ಈ ಬಾರಿ ಕಥೆ ಸಿರಿ ಅನ್ನುವ ಹೆಣ್ಣಿನದು. ತಕ್ಷಣ ಒಂದಷ್ಟು ಜನ ಸಿಟ್ಟಾದರು. ಈ ಲೋಕದಲ್ಲಿ ಹೆಣ್ಣು ಹೀಗಿರಲು ಸಾಧ್ಯವೇ ಇಲ್ಲ ಅಂದರು. ಸಿರಿ ಮೂರನೇ ಆಟದಲ್ಲೇ ಕತ್ತಿ ಹಿಡಿದು ಓಡಾಡಿದ್ದಳು. ಆಗ ಅವಳು ಬೇರೆಯವನ ಕಥೆಯಲ್ಲಿದ್ದಳು, ಅಷ್ಟೇ ವ್ಯತ್ಯಾಸ.

ಆದರೆ "ಎತ್ತು ಯಾರ ಪಾಲಿಗೆ" ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಕಟ್ಟಿದ ಲೋಕ ಬೇಕೆಂದರೆ ನಾನು ಇನ್ನೊಂದು ಆಟ ತೋರಿಸುತ್ತೇನೆ. 2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್'. ಅದರಲ್ಲಿ ಆರ್ಜಮ್ಮಾರ್ ಅಂತ ಒಂದು ನಗರ. ನೆಲದೊಳಗೆ ಕುಳ್ಳರು ಕಟ್ಟಿದ್ದು. ಅಲ್ಲಿ ಎಲ್ಲರಿಗೂ ಜಾತಿ ಇದೆ: ಸಾಮಂತರು, ಯೋಧರು, ಕಮ್ಮಾರರು, ಗಣಿಯವರು. ಎಲ್ಲರ ಕೆಳಗೆ, ಜಾತಿಯೇ ಇಲ್ಲದವರು. ಜಾತಿ ಇಳಿದು ಬರುವ ನಿಯಮ ಹೀಗಿದೆ: ಗಂಡು ಮಗುವಿಗೆ ತಂದೆಯ ಜಾತಿ, ಹೆಣ್ಣು ಮಗುವಿಗೆ ತಾಯಿಯ ಜಾತಿ.

ಒಂದೇ ಸಾಲಿನ ನಿಯಮ. ಅದರಿಂದ ಏನೇನು ಹುಟ್ಟುತ್ತದೆ ನೋಡಿ. ಜಾತಿಯಿಲ್ಲದ ಹೆಣ್ಣಿಗೆ ಸಾಮಂತನಿಂದ ಗಂಡು ಮಗು ಆದರೆ ಮಗು ಸಾಮಂತ. ತಾಯಿಗೆ, ಅವಳ ಮನೆಯವರಿಗೆ ಅರಮನೆಯಲ್ಲಿ ಜಾಗ. ಹೆಣ್ಣು ಮಗು ಆದರೆ ಏನೂ ಇಲ್ಲ, ಮತ್ತೆ ಅದೇ ಕೊಳಚೆ ಓಣಿ. ಹಾಗಾಗಿ ಬಡವರ ಮನೆಗಳು ಮಗಳನ್ನು ಸಿಂಗರಿಸಿ ಸಾಮಂತರ ಬೀದಿಗೆ ಕಳಿಸುತ್ತವೆ. ತಾಯಿಯೇ ಕಳಿಸುತ್ತಾಳೆ. ಇದೇ ನಿಯಮ ತಿರುಗಿಯೂ ಹೊಡೆಯುತ್ತದೆ. ಗಣಿ ಜಾತಿಯ ಒಬ್ಬಳು ಜಾತಿಯಿಲ್ಲದವನನ್ನು ಪ್ರೀತಿಸಿ ಗಂಡು ಮಗು ಹೆರುತ್ತಾಳೆ. ಮಗುವಿಗೆ ತಂದೆಯ ಜಾತಿ, ಅಂದರೆ ಏನೂ ಇಲ್ಲ. ಮಗುವನ್ನು ಕತ್ತಲ ದಾರಿಗಳಲ್ಲಿ ಬಿಟ್ಟು ಬಾ, ಆಮೇಲೆ ಮನೆಗೆ ಬಾ ಅನ್ನುತ್ತಾರೆ ಅವಳ ಮನೆಯವರು. ಅವಳು ಮಗು ಎತ್ತಿಕೊಂಡು ಬೀದಿಯಲ್ಲಿ ಬೇಡುತ್ತ ಕೂತಿರುತ್ತಾಳೆ. ಏನು ಮಾಡಬೇಕು ಅಂತ ಅವಳಿಗೆ ಹೇಳಬೇಕಾದವರು ನಾವು.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಉಳಿಯಬೇಕಾದರೆ ಹೆಣ್ಣಿನ ಬಸಿರಿನ ಮೇಲೆ ಕಾವಲಿರಬೇಕು ಅನ್ನುವುದು ನಮ್ಮ ಊರುಗಳಿಗೆ ಗೊತ್ತಿರುವ ವಿಷಯ. ಆಟ ಕಟ್ಟಿದವರು ಹೆಂಗಸರಿಗೆ ಏನೇನು ನಿಷಿದ್ಧ ಅಂತ ಪಟ್ಟಿ ಕೊಡಲಿಲ್ಲ. ಮಗು ಯಾರದು ಅನ್ನುವುದೊಂದನ್ನು ಹೇಳಿದರು. ಉಳಿದದ್ದೆಲ್ಲ ತಾನಾಗಿ ಹರಿದು ಬಂತು.

ಠಾಣೆಯ ಗೆಳೆಯನ ಮೂಲ ಉಡುಪಿ ಕಡೆ. ಅವನ ಅಜ್ಜ ಮುಂಬೈಗೆ ಹೋಟೆಲ್ ಕೆಲಸಕ್ಕೆ ಬಂದವರು. ಬಂಟರ ಮನೆ. ಆ ಭಾನುವಾರ ಅವನು ಹೇಳಿದ, "ನಮ್ಮಲ್ಲಿ ಬರಿ, ಅಂದರೆ ಕುಲ, ಬರುವುದು ಅಮ್ಮನಿಂದ. ಆಸ್ತಿಯೂ ಹಾಗೇ ಇಳಿಯುತ್ತಿತ್ತು." ಅಳಿಯಕಟ್ಟು. ಮಾವನ ನಂತರ ಮಗನಿಗಲ್ಲ, ಸೋದರಿಯ ಮಕ್ಕಳಿಗೆ. ಮನೆಯ ಹಿರಿಯ ಹೆಂಗಸು ಯಜಮಾನ್ತಿ ಆಗಬಹುದಿತ್ತು. ಹಾಗಂತ ಅದು ಹೆಣ್ಣಾಳ್ವಿಕೆ ಅಲ್ಲ. ಬಹಳ ಮನೆಗಳಲ್ಲಿ ಮಾತು ನಡೆಯುತ್ತಿದ್ದದ್ದು ಮಾವನದೇ. ಆದರೆ ಗಂಡನ ಮನೆಯಿಂದ ಎದ್ದು ಬಂದವಳಿಗೆ ನಿಲ್ಲಲು ತನ್ನದೇ ನೆಲ ಇತ್ತು.

ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡು ನಮ್ಮ ರಾಣಿಯರನ್ನು ನೋಡಿ. ಕರಾವಳಿಯಲ್ಲಿ, 16ನೇ ಶತಮಾನದಲ್ಲಿ, ಉಳ್ಳಾಲದ ಅಬ್ಬಕ್ಕ. ಚೌಟರ ಮನೆತನ, ಅಳಿಯಕಟ್ಟು. ಸೋದರಮಾವ ತಿರುಮಲರಾಯನಿಂದ ಗದ್ದುಗೆ ಬಂತು. ಗಂಡ ಮಂಗಳೂರಿನ ಬಂಗರಾಜ. ಅವನಿಂದ ದೂರವಾದ ಮೇಲೂ ಅವಳು ರಾಣಿಯಾಗೇ ಉಳಿದಳು. ಗದ್ದುಗೆ ಅವನದಾಗಿರಲೇ ಇಲ್ಲವಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಗೋವಾದಿಂದ ಬರುತ್ತಿದ್ದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಘಟ್ಟ, ಮೆಣಸು, ಬಂದರು, ಒಡತಿ. ಗದಗಿನ ಗೆಳೆಯ ಯಾವುದು ಸಾಧ್ಯವಿಲ್ಲ ಅಂದನೋ ಅದೇ.

ಈಗ ಘಟ್ಟ ಹತ್ತಿ ಬನ್ನಿ. ಇಲ್ಲಿ ಆಸ್ತಿ ತಂದೆಯಿಂದ ಮಗನಿಗೆ. 1700ರಲ್ಲಿ ಶಿವಾಜಿಯ ಮಗ ರಾಜಾರಾಮ ತೀರಿಕೊಂಡ ಮೇಲೆ ಮರಾಠಾ ರಾಜ್ಯವನ್ನು ಹಿಡಿದು ನಿಲ್ಲಿಸಿ ಔರಂಗಜೇಬನ ಜೊತೆ ಹೋರಾಡಿದವಳು ಅವನ ಹೆಂಡತಿ ತಾರಾಬಾಯಿ. ಆದರೆ ಗದ್ದುಗೆಯ ಮೇಲಿದ್ದ ಹೆಸರು ಅವಳ ಪುಟ್ಟ ಮಗನದು. ಕೆಳದಿಯ ಚೆನ್ನಮ್ಮ ಗಂಡನ ನಂತರ ಆಳಿದಳು, ಅದೇ ರಾಜಾರಾಮ ಜಿಂಜಿಗೆ ಓಡುವಾಗ ಆಸರೆ ಕೊಟ್ಟಳು. ಅವಳೂ ಮುಂದಿನ ವಾರಸಿಗೆ ಒಂದು ಗಂಡು ಮಗುವನ್ನು ದತ್ತು ತೆಗೆದುಕೊಳ್ಳಬೇಕಾಯಿತು. ಕಿತ್ತೂರಿನಲ್ಲಿ 1824ರ ಯುದ್ಧ ಶುರುವಾದದ್ದೇ ದತ್ತು ಮಗನನ್ನು ಬ್ರಿಟಿಷರು ಒಪ್ಪದ ಕಾರಣಕ್ಕೆ. ಇವರ ಧೈರ್ಯ ಅಬ್ಬಕ್ಕನ ಧೈರ್ಯಕ್ಕಿಂತ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಪಾಲಿನ ನಿಯಮ ಬೇರೆ ಇತ್ತು. ಹಾಗಾಗಿ ಘಟ್ಟದ ಮೇಲಿನವರಿಗೆ ಯಾವಾಗಲೂ ಒಬ್ಬ ಮಗ ಬೇಕಾಗುತ್ತಿದ್ದ.

ಇದನ್ನು ಆಟದ ನಿಯಮವಾಗಿಯೇ ಇಟ್ಟವರಿದ್ದಾರೆ. 2020ರಲ್ಲಿ ಬಂದ 'ಕ್ರುಸೇಡರ್ ಕಿಂಗ್ಸ್ 3'ರಲ್ಲಿ ವಾರಸು ಗಂಡಿಗೆ ಮಾತ್ರವೋ, ಗಂಡಿಗೆ ಮೊದಲೋ, ಇಬ್ಬರಿಗೂ ಸಮವೋ, ಹೆಣ್ಣಿಗೆ ಮಾತ್ರವೋ ಅನ್ನುವುದು ಬೇರೆ ಬೇರೆ ಕಾನೂನು. ಹುಟ್ಟುವ ಮಕ್ಕಳು ತಾಯಿಯ ಮನೆತನಕ್ಕೆ ಸೇರುವಂಥ ಮದುವೆಯನ್ನೂ ಮಾತುಕತೆಯಲ್ಲಿ ಕುದುರಿಸಬಹುದು. ಮಗಳನ್ನು ರಾಣಿ ಮಾಡಬೇಕೆಂದರೆ ಭಾಷಣ ಸಾಕಾಗುವುದಿಲ್ಲ. ಕಾನೂನು ತಿದ್ದಬೇಕು, ಅದಕ್ಕೆ ಬೆಲೆ ಕೊಡಬೇಕು. ಗದ್ದುಗೆಯ ರಾಜಕೀಯ ಬಿಟ್ಟರೆ ಬಡ ಹೆಂಗಸಿನ ಬದುಕು ಅಲ್ಲಿ ಕಾಣುವುದಿಲ್ಲ. ಅದು ಅದರ ಮಿತಿ.

ಗದಗಿನ ಗೆಳೆಯನಿಗೆ ನಾನು ಕೇಳಿದ್ದು ಬೇರೆ ಪ್ರಶ್ನೆ. "ನಿನ್ನ ಊರಿಂದ ಲಕ್ಕುಂಡಿ ಎಷ್ಟು ದೂರ?" ಅವನು ಶಾಲೆಯ ಪ್ರವಾಸದಲ್ಲಿ ಹೋಗಿದ್ದ. ಅಲ್ಲಿನ ದೊಡ್ಡ ಬಸದಿಯನ್ನು ಸಾವಿರ ವರ್ಷದ ಹಿಂದೆ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು. ತಾಳೆಗರಿಯ ಕಾಲದಲ್ಲಿ ಸಾವಿರ ಪ್ರತಿ ಅಂದರೆ ಎಷ್ಟು ಜನ ಬರೆಯುವವರು, ಎಷ್ಟು ಗರಿ, ಎಷ್ಟು ಕೂಲಿ. ಆ ಹಣ ಅವಳ ಕೈಲಿತ್ತು.

ಅವಳ ಕಥೆಯಲ್ಲಿ ಇನ್ನೊಂದು ಭಾಗ ಇದೆ. ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ ಒಬ್ಬನೇ ಗಂಡನನ್ನು, ನಾಗದೇವನನ್ನು, ಮದುವೆಯಾಗಿದ್ದರು. ಅವನು ಯುದ್ಧದಲ್ಲಿ ಸತ್ತ. ತಂಗಿ ಸಹಗಮನ ಮಾಡಿದಳು. ಅಕ್ಕ ಉಳಿದಳು, ಅವಳಿಗೆ ಚಿಕ್ಕ ಮಗನಿದ್ದ. ಒಂದೇ ಮನೆ, ಒಂದೇ ಧರ್ಮ, ಒಂದೇ ಗಂಡ, ಅಕ್ಕ ತಂಗಿಯರು. ಒಬ್ಬಳಿಗೆ ಚಿತೆ, ಇನ್ನೊಬ್ಬಳಿಗೆ ದಾನಚಿಂತಾಮಣಿ ಅನ್ನುವ ಬಿರುದು. ಆ ಕಾಲದಲ್ಲಿ ಹೆಣ್ಣಿಗೆ ಸ್ವಾತಂತ್ರ್ಯ ಇತ್ತಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಹೌದು, ಇಲ್ಲ ಅನ್ನುವ ಉತ್ತರ ಇಲ್ಲ. ಈ ಇಬ್ಬರನ್ನು ತೋರಿಸುತ್ತೇನೆ. ಫ್ಯಾಂಟಸಿ ಕಟ್ಟುವವರು ತಲುಪಬೇಕಾದ ಆಳ ಇದು. ನಿಯಮ ಒಂದೇ ಇದ್ದರೂ ಅದು ಒಬ್ಬೊಬ್ಬಳ ಮೇಲೆ ಬೇರೆ ಬೇರೆ ರೀತಿ ಬೀಳುತ್ತದೆ.

ಶಾಸನಗಳಲ್ಲಿ ಇಂಥವರು ಇನ್ನೂ ಇದ್ದಾರೆ. 911ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ಸತ್ತ ಮೇಲೆ ನಾಗರಖಂಡದ ಆಡಳಿತ ಹೊತ್ತ ಜಕ್ಕಿಯಬ್ಬೆ. 11ನೇ ಶತಮಾನದಲ್ಲಿ ಕಿಸುಕಾಡನ್ನು ಆಳಿ, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಚಾಲುಕ್ಯರ ಅಕ್ಕಾದೇವಿ. ಮಹಾಕೂಟದ ಗುಡಿಗೆ ದಾನ ಕೊಟ್ಟ ವಿನಾಪೋಟಿ. ಅವಳು ರಾಜ ವಿಜಯಾದಿತ್ಯನ ಪ್ರಾಣವಲ್ಲಭೆ. ಅವಳ ಶಾಸನ ತಂದೆಯ ಹೆಸರು ಹೇಳುವುದಿಲ್ಲ. ತಾಯಿ, ಅಜ್ಜಿಯ ಹೆಸರು ಹೇಳುತ್ತದೆ.

ಆದರೆ ನಾನು ಇಲ್ಲಿ ಜಾಗ್ರತೆಯಿಂದ ಮಾತಾಡಬೇಕು. ಶಾಸನ ಹಾಕಿಸುವಷ್ಟು ಹಣ, ಹೆಸರು ಇದ್ದವರು ಇವರು. ನಾಟಿ ಮಾಡಿದವಳಿಗೆ ಶಾಸನ ಇಲ್ಲ. ಹಾಗಾಗಿ ಇವರನ್ನು ತೋರಿಸಿ "ನೋಡಿ, ನಮ್ಮಲ್ಲಿ ಎಲ್ಲ ಸಮಾನವಾಗಿತ್ತು" ಅನ್ನುವುದು ತಪ್ಪು. ನಾಟಿ ಮಾಡಿದವಳ ಕಡೆ ತಿರುಗಿದರೆ "ಹೆಂಗಸರು ಹೊರಗೆ ಹೋಗುವುದಿಲ್ಲ" ಅನ್ನುವ ಬೋರ್ಡು ಇನ್ನೂ ಬೇಗ ಬಿದ್ದು ಹೋಗುತ್ತದೆ. ಹಾಗಾದರೆ ನೀರು ಯಾರು ತಂದರು? ಕಳೆ ಯಾರು ಕಿತ್ತರು? ಮೊಸರು, ಸೊಪ್ಪು, ಮೀನು ಹೊತ್ತು ಯಾರು ಮಾರಿದರು? ಪುಣೆಯ ಮಂಡಯಿ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ತರಕಾರಿ ರಾಶಿಯ ಹಿಂದೆ ಕೂತು ಗಟ್ಟಿ ಧ್ವನಿಯಲ್ಲಿ ದರ ಹೇಳುವ ಅಜ್ಜಿಯರು ನಿನ್ನೆ ಮೊನ್ನೆ ಹೊರಗೆ ಬಂದವರಲ್ಲ. ಹೊಸ್ತಿಲು ದಾಟಬಾರದು ಅನ್ನುವುದು ವಾಡೆಯಲ್ಲಿ ಇದ್ದವರ ನಿಯಮ. ಮನೆಯ ಹೆಂಗಸು ಹೊರಗೆ ದುಡಿಯಬೇಕಾಗಿಲ್ಲ ಅನ್ನುವುದೇ ಆ ಮನೆಯ ಅಂತಸ್ತು. ಆ ಅಂತಸ್ತು ನಿಂತದ್ದು ಹೊರಗೆ ದುಡಿಯುವ ಬೇರೆ ಹೆಂಗಸರ ಬೆನ್ನ ಮೇಲೆ. ಆಟದಲ್ಲಿ ಹಳೇ ಕಾಲ ಅಂತ ಬರುವುದು ಸಾಮಾನ್ಯವಾಗಿ ಈ ವಾಡೆಯ ಒಳಗಿನ ಕಾಲ. ಗದಗಿನ ಗೆಳೆಯನ ರಾಜ್ಯದಲ್ಲೂ ಹಾಗೇ ಆಗಿತ್ತು. ಕೆಟ್ಟ ಮನಸ್ಸಿನಿಂದಲ್ಲ. ನಮ್ಮ ತಲೆಯಲ್ಲಿ ಹಳೇ ಕಾಲದ ಹೆಣ್ಣು ಅಂದರೆ ಆ ಚಿತ್ರವೇ ಮೂಡುತ್ತದೆ.

ಪುಣೆಯಲ್ಲಿ ಇರುವವರಿಗೆ ಇನ್ನೊಂದು ಪಾತ್ರ ನೆನಪಿಗೆ ಬರಲೇಬೇಕು. ಯಾರಾದರೂ ನಮ್ಮ ಟೇಬಲ್ಲಿಗೆ ಈ ಪಾತ್ರ ತಂದರೆ ಗೇಮ್ ಮಾಸ್ಟರ್ ಖಂಡಿತ ಒಪ್ಪುವುದಿಲ್ಲ, ಇದು ಅತಿಯಾಯಿತು ಅನ್ನುತ್ತಾನೆ. ತುಂಗೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ, ಒಂದು ಹೆಣ್ಣು ಮಗು ಹುಟ್ಟುತ್ತದೆ. ತಂದೆ ತನ್ನ ಹೆಂಡತಿಗೆ ಸಂಸ್ಕೃತ ಕಲಿಸಿದವನು, ಅದಕ್ಕಾಗಿ ಪಂಡಿತರ ವಿರೋಧ ಎದುರಿಸಿದವನು. ತಾಯಿ ಮಗಳಿಗೆ ಕಲಿಸುತ್ತಾಳೆ. ಮನೆ ಹೋಗುತ್ತದೆ. ಇಡೀ ಕುಟುಂಬ ಪುರಾಣ ಹೇಳುತ್ತ ಊರೂರು ನಡೆಯುತ್ತದೆ. ಬರಗಾಲದ ದಿನಗಳಲ್ಲಿ ತಂದೆ ತಾಯಿ ಸಾಯುತ್ತಾರೆ. ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟುತ್ತಾಳೆ. ಅಲ್ಲಿನ ವಿದ್ವಾಂಸರು ಅವಳಿಗೆ ಪಂಡಿತಾ ಅನ್ನುವ ಬಿರುದು ಕೊಡುತ್ತಾರೆ. ಬೇರೆ ಜಾತಿಯವನನ್ನು ಮದುವೆಯಾಗುತ್ತಾಳೆ. ಎರಡು ವರ್ಷದೊಳಗೆ ವಿಧವೆ, ಕೈಯಲ್ಲಿ ಒಂದು ಮಗು. 1882ರಲ್ಲಿ ಪುಣೆಗೆ ಬಂದು ಹೆಂಗಸರ ಸಂಘ ಕಟ್ಟುತ್ತಾಳೆ.

ಪಂಡಿತಾ ರಮಾಬಾಯಿ. ನಮ್ಮ ಮಲೆನಾಡಿನ ಮಗಳು. ಅವರ ಹತ್ತಿರ ಕತ್ತಿ ಇರಲಿಲ್ಲ. ಕಲಿತ ಸಂಸ್ಕೃತ ಇತ್ತು. ಅವರನ್ನು ಹೊರಗಿಡಲು ಯಾವ ಭಾಷೆಯನ್ನು ಬಳಸುತ್ತಿದ್ದರೋ ಅದೇ ಭಾಷೆ. ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಮರುವರ್ಷ ಅದನ್ನು ಪುಣೆಗೆ ತಂದರು. ಅವರು ಕ್ರೈಸ್ತ ಧರ್ಮ ಸೇರಿದ್ದರು. ಹುಡುಗಿಯರನ್ನೂ ಸೇರಿಸುತ್ತಾರೆ ಅನ್ನುವ ಗದ್ದಲ ಎದ್ದು, 1893ರಲ್ಲಿ ಅನೇಕ ಪೋಷಕರು ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಇಲ್ಲಿ ಪುರುಷಪ್ರಧಾನ ವ್ಯವಸ್ಥೆ ಹೇಗೆ ಕೆಲಸ ಮಾಡಿತು ನೋಡಿ. ಅವರನ್ನು ಯಾರೂ ಜೈಲಿಗೆ ಹಾಕಲಿಲ್ಲ. ಹುಡುಗಿಯರ ಮೇಲೆ ಹಕ್ಕು ಯಾರದಿತ್ತೋ ಅವರು ಅದನ್ನು ಚಲಾಯಿಸಿದರು. ನಲವತ್ತೈದು ವರ್ಷ ಮೊದಲು, 1848ರಲ್ಲಿ, ಇದೇ ಊರಿನ ಭಿಡೆ ವಾಡೆಯಲ್ಲಿ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದಾಗಲೂ ಹಾಗೇ. ಮಾವನ ಮನೆ ಬಿಡಬೇಕಾಯಿತು. ಮನೆ ಮಾವನದಾಗಿತ್ತು.

ಆಟದ ಪಾತ್ರಕ್ಕೆ ಒಂದು ಹಾಳೆ ಇರುತ್ತದೆ. ಶಕ್ತಿ, ಚುರುಕು, ಬುದ್ಧಿ, ಕತ್ತಿ, ಗುರಾಣಿ, ಎಷ್ಟು ಚಿನ್ನ ಅಂತ ಅದರಲ್ಲಿ ಬರೆಯುತ್ತೇವೆ. ಇಂಥ ಲೋಕದಲ್ಲಿ ಆಡುವಾಗ ಇನ್ನೊಂದು ಕಾಲಂ ಬೇಕು ಅನ್ನುವುದು ನನ್ನ ಅಭಿಪ್ರಾಯ: ಪಾಲು. ಯಾವ ಮನೆ ನಿನ್ನದು, ಯಾರ ಹೆಸರಲ್ಲಿ, ನಿನ್ನ ಮೇಲೆ ಯಾರಿಗೆ ಹಕ್ಕು, ಯಾರ ಮೇಲೆ ನಿನಗೆ ಹಕ್ಕು.

ಕೊನೆಯದು ಮುಖ್ಯ, ಯಾಕೆಂದರೆ ಹೆಣ್ಣಿನ ಸ್ಥಾನ ಬದುಕಿಡೀ ಒಂದೇ ಇರುವುದಿಲ್ಲ. ಸೊಸೆಯಾಗಿ ಬಂದವಳು ಕೊನೆಯಲ್ಲಿ ಉಣ್ಣುತ್ತಾಳೆ. ಅವಳೇ ಅತ್ತೆಯಾದಾಗ ಬೀಗದ ಕೈ ಅವಳ ಸೊಂಟಕ್ಕೆ ಬರುತ್ತದೆ. ಆ ದಿನಕ್ಕಾಗಿ ಅವಳು ಇಪ್ಪತ್ತು ವರ್ಷ ಕಾದಿರುತ್ತಾಳೆ. ಸಮಾಜಶಾಸ್ತ್ರಜ್ಞೆ ಡೆನಿಜ್ ಕಾಂದಿಯೋಟಿ 1988ರಲ್ಲಿ ಇದನ್ನು ಪುರುಷಪ್ರಧಾನ ವ್ಯವಸ್ಥೆಯ ಜೊತೆ ಹೆಂಗಸರು ಮಾಡಿಕೊಳ್ಳುವ ಚೌಕಾಸಿ ಅಂತ ವಿವರಿಸಿದರು. ಈಗ ತಗ್ಗಿ ನಡೆದರೆ ಮುಂದೆ ಸೊಸೆಯ ಮೇಲೆ, ಮಗನ ಮೂಲಕ, ಅಧಿಕಾರ ಸಿಗುತ್ತದೆ ಅನ್ನುವ ಚೌಕಾಸಿ. ಅದಕ್ಕೇ ಆ ವ್ಯವಸ್ಥೆಯನ್ನು ಎಷ್ಟೋ ಸಲ ಹೆಂಗಸರೇ ಕಾಯುತ್ತಾರೆ. ಆಟಗಳಲ್ಲಿ ನಾನು ರಾಜಕುಮಾರಿಯರನ್ನು, ಮಾಟಗಾತಿಯರನ್ನು ಬೇಕಾದಷ್ಟು ನೋಡಿದ್ದೇನೆ. ಅಂಥ ಅತ್ತೆಯನ್ನು ನೋಡಿಲ್ಲ. ಅವಳು ಬಂದರೆ ಸರ್ಪಕ್ಕಿಂತ ದೊಡ್ಡ ಸವಾಲು.

ಇನ್ನು ಟೇಬಲ್ಲಿನ ಸುತ್ತ ಕೂತವರ ಮಾತು. ಗೆಳತಿಗೆ ಎತ್ತಿನ ಪ್ರಶ್ನೆ ಸುಮ್ನೆ ಹೊಳೆದದ್ದಲ್ಲ. ಅವಳ ಅತ್ತೆ, ಅಂದರೆ ತಂದೆಯ ತಂಗಿ, ಗಂಡನನ್ನು ಕಳೆದುಕೊಂಡ ಹದಿನೈದನೇ ದಿನಕ್ಕೆ ಮೈದುನ ಬಂದು ಕೊಟ್ಟಿಗೆಯಿಂದ ಜೋಡೆತ್ತು ಬಿಚ್ಚಿಕೊಂಡು ಹೋಗಿದ್ದ. ಚಿಕ್ಕವಳಾಗಿದ್ದ ಇವಳು ಅದನ್ನು ನಿಂತು ನೋಡಿ, ಕೊರಳ ಗಂಟೆಯ ಸದ್ದು ಓಣಿ ತಿರುಗುವ ತನಕ ಕೇಳಿದ್ದಳು. ಕಾನೂನು ಬದಲಾಗಿದೆ, ನಿಜ. ಹಿಂದೂ ಮನೆಗಳ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಪಾಲು ಅಂತ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ 1994ರಲ್ಲಿ ಆಯಿತು, ಇಡೀ ದೇಶಕ್ಕೆ 2005ರಲ್ಲಿ. ಆದರೂ ನೋಂದಣಿ ಕಚೇರಿಯಲ್ಲಿ ಅಕ್ಕ ತಂಗಿಯರು ಸಾಲಾಗಿ ನಿಂತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ತವರಿನ ಬಾಗಿಲು ಮುಚ್ಚಬಾರದು ಅಂತ. ನಾನು ಪುಣೆಗೆ ಬಂದ ವರ್ಷ ಬಾಡಿಗೆ ಮನೆ ಹುಡುಕುವಾಗ, ನನ್ನ ಸಂಬಳದ ಚೀಟಿ ನೋಡಿದ ಮೇಲೂ ತಂದೆಯ ಒಪ್ಪಿಗೆ ಪತ್ರ ತನ್ನಿ ಅಂದರು. ನನಗಾಗ ಮೂವತ್ತೊಂದು.

ಹೀಗೆ ವಾರವಿಡೀ ಇದನ್ನೇ ಬದುಕಿ ಬಂದವಳಿಗೆ ಭಾನುವಾರದ ಆಟದಲ್ಲೂ ಇದೇ ಬೇಕಾ ಅನ್ನುವುದನ್ನು ಅವಳನ್ನೇ ಕೇಳಬೇಕು. ಕೆಲವರಿಗೆ ಬೇಡ. ಅವರಿಗೆ ಯಾರ ಅಪ್ಪಣೆಯೂ ಬೇಡದೆ ಕಾಡು ಸುತ್ತುವ ಲೋಕ ಬೇಕು. ಅದು ಸುಳ್ಳು ಲೋಕ ಅನ್ನಲು ನನಗೆ ಬಾಯಿ ಬರುವುದಿಲ್ಲ. ಪುಣೆಯಲ್ಲೇ ತಯಾರಾಗಿ 2020ರಲ್ಲಿ ಬಂದ 'ರಾಜಿ' ಆಟದ ಹುಡುಗಿ ಅಂಥವಳು. ಸರ್ಕಸ್ಸಿನವಳು. ಅಸುರರು ಒಯ್ದ ತಮ್ಮನನ್ನು ಹುಡುಕಿಕೊಂಡು ಕೋಟೆ ಕೋಟೆ ಹಾರುತ್ತಾಳೆ. ನನ್ನ ಶಾಲೆಯ ಒಬ್ಬ ಹುಡುಗಿ ಅದನ್ನು ಆಡಿ ಮುಗಿಸಿ, ಬಿಡುವಿನಲ್ಲಿ ಕಂಬ ಹತ್ತಿ ಬೈಸಿಕೊಂಡಳು. ಇನ್ನು ಕೆಲವರಿಗೆ ಆ ಹೋರಾಟವೇ ಬೇಕು, ಗೆಲ್ಲಲು ದಾರಿ ಇರುವ ಹೋರಾಟವಾದರೆ. ವಿಜಯಪುರದ ಗೆಳತಿ ಎರಡನೆಯವಳು. ಆಟ ಶುರುವಾಗುವ ಮೊದಲೇ ಕೂತು ಯಾವುದು ಬೇಕು, ಯಾವುದು ಬೇಡ ಅಂತ ಮಾತಾಡಿಕೊಳ್ಳುವ ರೂಢಿ ಈಗ ಬಹಳ ಗುಂಪುಗಳಲ್ಲಿದೆ. ನಾವು ಟೇಬಲ್ಲಿನ ನಡುವೆ ಒಂದು ಕಾರ್ಡ್ ಇಡುತ್ತೇವೆ. ಯಾರಿಗಾದರೂ ತಡೆಯಲಾಗದಿದ್ದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ದೃಶ್ಯ ಬಿಡುತ್ತೇವೆ. ಅತ್ಯಾಚಾರವನ್ನು ಕಥೆಯ ಮಸಾಲೆಯಾಗಿ ನಮ್ಮ ಟೇಬಲ್ಲಿಗೆ ತರುವುದೇ ಇಲ್ಲ. ಇದು ನಾವು ಆರೂ ಜನ ಒಪ್ಪಿದ ನಿಯಮ.

ಎರಡು ವಾರ ಕಳೆದು ಗದಗಿನ ಗೆಳೆಯ ಹೊಸದಾಗಿ ಬರೆದ ನಾಲ್ಕು ಪುಟ ತಂದ. ಜೋರಾಗಿ ಓದಿದ. ಗಂಡ ಸತ್ತ ಮೇಲೆ ಎತ್ತುಗಳು ಮಗನ ಪಾಲು. ಮಗ ರುಮಾಲು ಕಟ್ಟುವ ವಯಸ್ಸಿಗೆ ಬರುವ ತನಕ ಮೇವು, ಸಾಲ, ಸರಕು ಎಲ್ಲ ತಾಯಿಯ ಹೊಣೆ. ವ್ಯಾಪಾರಿ ಸಂಘ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ, ಮಗನ ಮುದ್ರೆಯನ್ನು ಒಪ್ಪುತ್ತದೆ. ಅವಳು ಕೋಟೆ ದಾಟಿ ಮೂರು ರಾತ್ರಿ ಹೊರಗಿದ್ದರೆ ಎತ್ತು ತನ್ನವು ಅಂತ ಮೈದುನ ಪಂಚಾಯಿತಿ ಸೇರಿಸಬಹುದು. ಘಟ್ಟ ಇಳಿದು ಹತ್ತಲು ನಾಲ್ಕು ರಾತ್ರಿ ಬೇಕು. ಕೋಟೆಯ ಹೊರಗೆ ಮೀನು ಮಾರುವ ಹೆಂಗಸರಿಗೆ ಈ ಯಾವ ನಿಯಮವೂ ಇಲ್ಲ. ಅವರಿಗೆ ಸರ್ಪದ ಗವಿ ತಪ್ಪಿಸುವ ಕಾಲುದಾರಿ ಗೊತ್ತು.

ಗೆಳತಿ ಪುಟಗಳನ್ನು ಇಸಕೊಂಡು ಎರಡು ಸಲ ಓದಿದಳು. "ಮಗನ ವಯಸ್ಸೆಷ್ಟು?" ಅಂದಳು.

"ಮೂರು."

"ಮುದ್ರಿ ಎಲ್ಲೈತಿ?"

"ನಿನ್ನ ಸೊಂಟದಾಗ."

ಅವಳು ತನ್ನ ಹಾಳೆಯಲ್ಲಿ ಕತ್ತಿಯ ಹೆಸರು ಹೊಡೆದು ಹಾಕಿ ಅಲ್ಲಿ ಮುದ್ರೆ ಅಂತ ಬರೆದಳು. ಮಗುವನ್ನು ಮುಂದಿನ ಎತ್ತಿನ ಮೇಲೆ ಕೂರಿಸಿದೆ ಅಂದಳು. ಸರಕಿನ ಒಡೆಯ ತಾನೇ ಘಟ್ಟ ಇಳಿಯುತ್ತಿದ್ದಾನೆ, ನಾನು ಅವನ ಊಟ ನೋಡಿಕೊಳ್ಳಲು ಜೊತೆಗೆ ಹೋಗುತ್ತಿದ್ದೇನೆ ಅಂದಳು. ಗದಗಿನ ಗೆಳೆಯ ಕೋಟೆಯ ಬಾಗಿಲಲ್ಲಿ ಮೈದುನನನ್ನು ತಂದು ನಿಲ್ಲಿಸಿದ. ನಾವೆಲ್ಲ ಟೇಬಲ್ಲಿನ ಹತ್ತಿರ ಸರಿದೆವು. ಅವಳು ದಾಳ ಕೈಗೆ ತೆಗೆದುಕೊಂಡಳು.